ಗೆಲುವು-ಸೋಲಿಲ್ಲದ, ಸುಮ್ಮನೆ ನೋಡುತ್ತಾ ಕೂರಬಹುದಾದ ಮೊಬೈಲ್ ಆಟಗಳು: ಸಲಹೆ ಬೇಕು

ಪ್ರಶ್ನೆ (ನಾಪೋಕ್ಲುವಿನಿಂದ)

ಎಲ್ಲರಿಗೂ ನಮಸ್ಕಾರ. ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ತೋಟಕ್ಕೆ ಇಳಿಯುವುದನ್ನು ನಿಲ್ಲಿಸಿದ್ದಾರೆ. ಕಕ್ಕಡದ ಮಳೆ ಹಿಡಿದುಕೊಂಡರೆ ಜಗಲಿಯಿಂದ ಆಚೆಗೆ ಕಾಲಿಡುವಂತಿಲ್ಲ, ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಧಾರಾವಾಹಿಗಳೆಂದರೆ ಅವರಿಗೆ ಆಗುವುದಿಲ್ಲ. ಮಗ ತನ್ನ ಫೋನಿನಲ್ಲಿ ಮಿಠಾಯಿ ಜೋಡಿಸುವ ಆಟವೊಂದನ್ನು ತೋರಿಸಿದ. ಎರಡು ಸುತ್ತು ಆಡುವಷ್ಟರಲ್ಲಿ, ಸಮಯ ಮುಗಿಯಿತು, ಜೀವ ಕಳೆಯಿತು ಎಂದು ಪರದೆ ಬಡಿದುಕೊಳ್ಳುವುದನ್ನು ಕಂಡು ಗಾಬರಿಯಾಗಿ ಫೋನನ್ನು ಕೆಳಗಿಟ್ಟುಬಿಟ್ಟರು.

ಅಂಕ, ಹಂತ, ಎದುರಾಳಿ ಯಾವುದೂ ಇಲ್ಲದೆ ಬರೀ ಒಂದು ವಾತಾವರಣವನ್ನು ಕಟ್ಟಿಕೊಡುವ ಆಟಗಳಿವೆ ಎಂದು ಕೇಳಿದ್ದೇನೆ. ಅವುಗಳಲ್ಲಿ ನೆಟ್‌ವರ್ಕ್ ಇಲ್ಲದೆಯೂ ನಡೆಯುವ, ಇಂಗ್ಲಿಷ್ ಓದಲು ಬಾರದವರಿಗೂ ಒಗ್ಗುವ ಆಟ ಯಾವುದೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ. ಇಂಥವನ್ನು ಆಟ ಎನ್ನಬಹುದೇ, ಅಥವಾ ಫೋನಿಗೆ ಅಂಟಿಕೊಳ್ಳುವ ಇನ್ನೊಂದು ದಾರಿಯನ್ನು ನಾನೇ ತೋರಿಸಿದಂತಾಗುತ್ತದೆಯೇ ಎಂಬ ಅಳುಕೂ ಇದೆ.

ಉತ್ತರ 1 (ಮಡಿಕೇರಿಯಿಂದ)

ಅಕ್ಕಾ, ಮೊದಲು ಟೌನ್‌ಸ್ಕೇಪರ್ ಹಾಕಿಕೊಡಿ. ಆಸ್ಕರ್ ಸ್ಟಾಲ್‌ಬರ್ಗ್ ಎಂಬ ಒಬ್ಬರೇ ವ್ಯಕ್ತಿ ರೂಪಿಸಿದ ಇದು 2021ರಲ್ಲಿ ಮೊಬೈಲಿಗೆ ಬಂತು. ಪರದೆಯ ತುಂಬ ಸಮುದ್ರವಿರುತ್ತದೆ, ಪಕ್ಕದಲ್ಲಿ ಬಣ್ಣಗಳ ಸಾಲಿರುತ್ತದೆ. ನೀರಿನ ಮೇಲೆ ಒಮ್ಮೆ ಮುಟ್ಟಿದರೆ ಕಲ್ಲಿನ ಕಟ್ಟೆ ಏಳುತ್ತದೆ, ಅದರ ಮೇಲೆ ಮತ್ತೆ ಮುಟ್ಟಿದರೆ ಮನೆಯಾಗುತ್ತದೆ. ಏನನ್ನು ಕಟ್ಟಬೇಕೆಂದು ನಾವು ಆಯ್ಕೆ ಮಾಡಬೇಕಾಗಿಲ್ಲ. ಅಕ್ಕಪಕ್ಕದಲ್ಲಿ ಏನಿದೆ ಎಂಬುದನ್ನು ನೋಡಿಕೊಂಡು ಅದೇ ಕಿಟಕಿ, ಮೆಟ್ಟಿಲು, ಕಮಾನುಗಳನ್ನು ಜೋಡಿಸುತ್ತದೆ. ಸುತ್ತಲೂ ಮನೆಗಳನ್ನು ಕಟ್ಟಿ ನಡುವೆ ಒಂದಿಷ್ಟು ಜಾಗ ಬಿಟ್ಟರೆ ಅಲ್ಲಿ ತಾನಾಗಿ ಹಸಿರು ತೋಟ ಮೂಡುತ್ತದೆ, ಮಾಡಿನ ಮೇಲೆ ಹಕ್ಕಿಗಳು ಬಂದು ಕೂರುತ್ತವೆ. ಗುರಿಯಿಲ್ಲ, ಅಂಕವಿಲ್ಲ, ಓದಬೇಕಾದ ಅಕ್ಷರವೂ ಇಲ್ಲವೆಂದೇ ಹೇಳಬಹುದು. ಇಳಿಸಿಕೊಂಡ ಮೇಲೆ ನೆಟ್ ಬೇಕಿಲ್ಲ. ಹಣ ಕೊಟ್ಟು ಕೊಳ್ಳಬೇಕು, ಆದರೆ ಒಂದೇ ಸಲ.

ಆಲ್ಟೋಸ್ ಒಡಿಸ್ಸಿ (2018) ಎಂಬುದರಲ್ಲಿ ಝೆನ್ ಮೋಡ್ ಎಂಬ ವಿಭಾಗವಿದೆ. ಮರಳುದಿಬ್ಬಗಳ ಮೇಲೆ ಹಲಗೆಯಲ್ಲಿ ಜಾರಿಕೊಂಡು ಹೋಗುವ ಒಬ್ಬನ ಹಿಂದೆ ಹಗಲು ಸಂಜೆಯಾಗಿ, ಸಂಜೆ ರಾತ್ರಿಯಾಗಿ ಬದಲಾಗುತ್ತಿರುತ್ತದೆ. ಬಿದ್ದರೂ ಆಟ ಮುಗಿಯದೆ ಅವನು ಎದ್ದು ಮುಂದೆ ಹೋಗುತ್ತಾನೆ. ನೋಡಲು ಬಹಳ ಚೆನ್ನಾಗಿದೆ, ಆದರೆ ಬೆರಳು ಸ್ವಲ್ಪ ಚುರುಕಾಗಿರಬೇಕು. ನಿಮ್ಮ ಅತ್ತೆಯವರಿಗೆ ನಾನು ಇದನ್ನು ಮೊದಲನೆಯದಾಗಿ ಸೂಚಿಸುವುದಿಲ್ಲ.

ಉತ್ತರ 2 (ಗೋಣಿಕೊಪ್ಪಲಿನಿಂದ)

ಇವು ಆಟಗಳೇ ಎಂಬ ಪ್ರಶ್ನೆ 2014ರಲ್ಲಿ ಡೇವಿಡ್ ಓರೈಲಿ ಅವರ ಮೌಂಟನ್ ಬಂದಾಗಲೇ ಜೋರಾಗಿ ಎದ್ದಿತ್ತು. ಆರಂಭದಲ್ಲಿ ಅದು ಕೆಲವು ಮಾತುಗಳನ್ನು ಮುಂದಿಟ್ಟು ಪ್ರತಿಯೊಂದಕ್ಕೂ ನಿಮ್ಮಿಂದ ಒಂದು ಚಿತ್ರ ಬರೆಸುತ್ತದೆ, ನಂತರ ಒಂದು ಬೆಟ್ಟವನ್ನು ಕೊಡುತ್ತದೆ. ಬೆಟ್ಟವನ್ನು ತಿರುಗಿಸಿ ನೋಡಬಹುದು, ಹತ್ತಿರದಿಂದ ನೋಡಬಹುದು, ಕೆಲವು ಸ್ವರಗಳನ್ನು ನುಡಿಸಬಹುದು. ಉಳಿದಂತೆ ಮಳೆ, ಹಿಮ, ರಾತ್ರಿ ತಾವಾಗಿ ಬಂದು ಹೋಗುತ್ತವೆ. ಎಲ್ಲಿಂದಲೋ ವಸ್ತುಗಳು ಬಂದು ಬಿದ್ದು ಬೆಟ್ಟದಲ್ಲಿ ಸಿಕ್ಕಿಕೊಳ್ಳುತ್ತವೆ. ಇದು ಆಟವೇ ಅಲ್ಲ ಎಂದು ಸಿಟ್ಟಾದವರು ಅನೇಕರು. ನನ್ನ ಮಟ್ಟಿಗೆ, ಆಡುವವರ ಗಮನವೇ ಆಟದ ಕೆಲಸವಾಗಬಹುದು ಎಂದು ಅದು ತೋರಿಸಿಕೊಟ್ಟಿತು.

ಜಪಾನಿನ ಹಿಟ್-ಪಾಯಿಂಟ್ ಕಂಪನಿಯ ನೆಕೊ ಅತ್ಸುಮೆಯೂ ಅದೇ ವರ್ಷದ್ದು. ಅಂಗಳದಲ್ಲಿ ಊಟ, ಆಟಿಕೆ ಇಟ್ಟು ಫೋನು ಮುಚ್ಚಿಡಬೇಕು. ನೀವಿಲ್ಲದಾಗ ಬೆಕ್ಕುಗಳು ಬಂದು ಉಂಡು, ಮೀನುಗಳನ್ನು ಕೃತಜ್ಞತೆಯಾಗಿ ಬಿಟ್ಟುಹೋಗುತ್ತವೆ. ಅದೇ ಕಂಪನಿಯ ತಬಿಕಾಯೆರುವಿನಲ್ಲಿ (2017) ಬುತ್ತಿ ಕಟ್ಟಿಕೊಟ್ಟರೆ ಕಪ್ಪೆಯೊಂದು ತನಗಿಷ್ಟ ಬಂದಾಗ ಪ್ರವಾಸ ಹೊರಟು ಫೋಟೋ ಕಳಿಸುತ್ತದೆ. ಅದು ಆಗ ಜಪಾನಿ ಭಾಷೆಯಲ್ಲಷ್ಟೇ ಇದ್ದರೂ 2018ರ ಆರಂಭದಲ್ಲಿ ಚೀನಾದ ಜನ ಮುಗಿಬಿದ್ದು ಆಡಿದರು, ಆದ್ದರಿಂದ ಇಂಗ್ಲಿಷ್ ಬಾರದೆಂಬ ಚಿಂತೆ ಬೇಡ. ಹೂಮಳೆ ಬಿದ್ದ ಮೇಲೆ ಕಾಫಿ ಮೊಗ್ಗು ಅರಳುವವರೆಗೆ ಬೆಳೆಗಾರರಿಗೆ ಅಲ್ಲಿ ಮಾಡುವ ಕೆಲಸವೇನೂ ಇರುವುದಿಲ್ಲ, ಆದರೂ ಬೆಳಿಗ್ಗೆ ಒಂದು ಸುತ್ತು ಹೋಗಿ ನೋಡಿ ಬರುತ್ತಾರಲ್ಲ, ಈ ಆಟಗಳ ಸುಖ ಅಂಥದ್ದು. ತೋಟ ನೋಡಿಕೊಂಡು ಬಾಳಿದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಉತ್ತರ 3 (ವಿರಾಜಪೇಟೆಯಿಂದ)

ಮೇಲಿನ ಇಬ್ಬರ ಸಲಹೆಯನ್ನೂ ಒಪ್ಪುತ್ತೇನೆ, ಆದರೆ ನಿಮ್ಮ ಅಳುಕನ್ನು ಹಗುರವಾಗಿ ಬಿಡಲಾರೆ. ಪ್ರಶಾಂತ, ಧ್ಯಾನ ಎಂಬ ಹೆಸರು ಹೊತ್ತ ಎಷ್ಟೋ ಉಚಿತ ಆಟಗಳು ದಿನಕ್ಕೊಂದು ಬಹುಮಾನ ಇಟ್ಟು, ಇಂದು ಬರದಿದ್ದರೆ ನಷ್ಟ ಎಂದು ನೋಟಿಫಿಕೇಶನ್ ಕಳಿಸುತ್ತಲೇ ಇರುತ್ತವೆ. ಹಿನ್ನೆಲೆಯಲ್ಲಿ ಕೊಳಲು ನುಡಿದ ಮಾತ್ರಕ್ಕೆ ಅದು ನೆಮ್ಮದಿಯ ಆಟವಾಗುವುದಿಲ್ಲ. ಬಿಟ್ಟು ಎದ್ದಾಗ ಅದು ನಮ್ಮನ್ನು ಸುಮ್ಮನೆ ಬಿಡುತ್ತದೆಯೇ ಎಂಬುದೊಂದೇ ನನ್ನ ಪರೀಕ್ಷೆ. ಒಮ್ಮೆ ಹಣ ಕೊಟ್ಟು ಕೊಳ್ಳುವ ಆಟಗಳು ಇದರಲ್ಲಿ ಹೆಚ್ಚಾಗಿ ಪಾಸಾಗುತ್ತವೆ, ಏಕೆಂದರೆ ನಮ್ಮನ್ನು ಮತ್ತೆ ಮತ್ತೆ ಕರೆಯುವುದರಿಂದ ಅವುಗಳಿಗೆ ಲಾಭವಿಲ್ಲ. ನೆಕೊ ಅತ್ಸುಮೆಯಲ್ಲಿಯೂ ಚಿನ್ನದ ಮೀನನ್ನು ಹಣ ಕೊಟ್ಟು ಕೊಳ್ಳುವ ಅವಕಾಶವಿದೆ. ಫೋನಿನಲ್ಲಿ ಖರೀದಿಗೆ ಪಾಸ್‌ವರ್ಡ್ ಹಾಕಿ, ನೋಟಿಫಿಕೇಶನ್ ನಿಲ್ಲಿಸಿ ಕೊಡಿ.

ಕರೆಂಟಿಲ್ಲದ ರಾತ್ರಿಗೆ ಇನ್ನೊಂದು ಮಾತು. ಚಾರ್ಜನ್ನು ಬಹುಮಟ್ಟಿಗೆ ತಿನ್ನುವುದು ಪರದೆಯ ಬೆಳಕು. ಅದನ್ನು ತಗ್ಗಿಸಿ, ಧ್ವನಿಯೇ ಮುಖ್ಯವಾದುದನ್ನು ಆರಿಸಿಕೊಳ್ಳಬಹುದು. ಬ್ರಯಾನ್ ಈನೊ ಮತ್ತು ಪೀಟರ್ ಚಿಲ್ವರ್ಸ್ 2008ರಲ್ಲಿ ಐಫೋನಿಗೆ ಮಾಡಿದ ಬ್ಲೂಮ್ ಅಂಥದ್ದು. ಪರದೆಯನ್ನು ಮುಟ್ಟಿದಲ್ಲಿ ಬಣ್ಣದ ವೃತ್ತವೊಂದು ಅರಳಿ ಒಂದು ಸ್ವರ ಹೊರಡುತ್ತದೆ, ಆ ಸ್ವರಗಳು ಮರುಕಳಿಸುತ್ತಾ ಮೆಲ್ಲಗೆ ಕ್ಷೀಣಿಸುತ್ತವೆ. ಕೈ ಹಿಂದೆಗೆದರೆ ಅದೇ ನುಡಿಸಿಕೊಳ್ಳುತ್ತದೆ. ಆಂಡ್ರಾಯ್ಡಿಗೂ ಹೊಂದುವ ಹೊಸ ಆವೃತ್ತಿ 2018ರಲ್ಲಿ ಬಂದಿದೆ. ಮಳೆಯ ಸದ್ದು ಕೇಳಿಸುವ ಆ್ಯಪ್‌ಗಳನ್ನು ಮಾತ್ರ ದಯವಿಟ್ಟು ಹಾಕಬೇಡಿ. ನಾಪೋಕ್ಲುವಿನ ಹೆಂಚಿನ ಮನೆಯಲ್ಲಿ ಕುಳಿತವರಿಗೆ ಅದರ ಅಗತ್ಯವಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಟೌನ್‌ಸ್ಕೇಪರ್ ಹಾಕಿಕೊಟ್ಟೆ. ಅತ್ತೆಯವರು ಮನೆಗಳನ್ನು ಎತ್ತರಕ್ಕೆ ಏರಿಸುವುದಿಲ್ಲ. ಅಂಗಳ ಬಿಟ್ಟು ನಾಲ್ಕೂ ಕಡೆ ತಗ್ಗಾಗಿ ಕಟ್ಟುತ್ತಾರೆ, ನಡುವೆ ಹಸಿರು ಬಂದ ಕೂಡಲೇ ಮಗನನ್ನು ಕರೆದು ತೋರಿಸುತ್ತಾರೆ. ಮೊನ್ನೆ ಅವನು ಅಲ್ಲೊಂದು ಗೋಪುರ ಎಬ್ಬಿಸಿದಾಗ, ಇಷ್ಟು ಎತ್ತರವಾದರೆ ಅಂಗಳಕ್ಕೆ ಬಿಸಿಲು ಬೀಳುವುದು ಹೇಗೆ ಎಂದು ಅದನ್ನು ತೆಗೆಸಿದರು. ಸಾಕೆನಿಸಿದಾಗ ತಾವೇ ಫೋನು ಕೊಟ್ಟು ಎದ್ದುಹೋಗುತ್ತಾರೆ, ಹಾಗಾಗಿ ವಿರಾಜಪೇಟೆಯವರು ಹೇಳಿದ ಪರೀಕ್ಷೆಯಲ್ಲಿ ಇದು ಪಾಸಾಯಿತು ಎನ್ನಬಹುದು. ಅವರ ಕಣ್ಣಿಗೆ ಫೋನಿನ ಪರದೆ ಚಿಕ್ಕದಾಗುತ್ತಿದೆ. ಇದೇ ಆಟವನ್ನು ಹಳೆಯ ಟ್ಯಾಬ್ಲೆಟ್ಟಿನಲ್ಲಿ ನಡೆಸಿ ನೋಡಿದವರಿದ್ದರೆ, ನಿಧಾನವಾಗುತ್ತದೆಯೇ ಎಂದು ತಿಳಿಸಿ.