ಇಂಟರ್‌ಸೆಪ್ಟರ್ ಹ್ಯಾಂಡಲ್ ಬದಲಾಯಿಸಬೇಕು, ಬೆರಳು ಜೋಮು ಹಿಡಿಯುತ್ತಿದೆ

ಕತ್ರಿಗುಪ್ಪೆ 650

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಇದೆ. ತೆಗೆದುಕೊಂಡು ನಾಲ್ಕು ವರ್ಷ ಆಯಿತು, 31 ಸಾವಿರ ಕಿಲೋಮೀಟರ್ ಓಡಿದೆ. ಎಂಜಿನ್ ಬಗ್ಗೆ ಒಂದು ಮಾತೂ ಇಲ್ಲ, ಅಷ್ಟು ಚೆನ್ನಾಗಿದೆ. ತೊಂದರೆ ಕೂರುವ ರೀತಿಯದು.

ಬೆಂಗಳೂರಿನಲ್ಲಿ ಮನೆ ಕತ್ರಿಗುಪ್ಪೆ, ಕೆಲಸ ಎಲೆಕ್ಟ್ರಾನಿಕ್ ಸಿಟಿ. ಹೋಗಿ ಬರಲು ಸುಮಾರು 40 ಕಿಲೋಮೀಟರ್. ಬೆಳಗ್ಗೆ ಬನಶಂಕರಿ ದಾಟಿ ಜಯದೇವ ಹತ್ತಿರ ಬರುವಾಗಲೇ ಹೆಗಲು ಬಿಗಿಯಲು ಶುರು. ಸಿಲ್ಕ್ ಬೋರ್ಡ್ ಬರುವಷ್ಟರಲ್ಲಿ ಬಲಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಜೋಮು. ಸಿಗ್ನಲ್‌ನಲ್ಲಿ ಕೈ ಕೊಡವಿದರೆ ಹೋಗುತ್ತದೆ. ಬೊಮ್ಮನಹಳ್ಳಿಗೆ ಬಂದರೆ ಮತ್ತೆ ಹಾಜರು.

ನನ್ನ ಎತ್ತರ 5 ಅಡಿ 5 ಇಂಚು, ವಯಸ್ಸು 47. ಹ್ಯಾಂಡಲ್ ಹಿಡಿಯಲು ಕೈ ಪೂರ್ತಿ ಚಾಚಬೇಕು. ಮೊಣಕೈ ಮಡಚಲು ಜಾಗವೇ ಉಳಿಯುವುದಿಲ್ಲ. ಹಂಪ್ ಬಂದಾಗ ಏಟು ನೇರವಾಗಿ ಕುತ್ತಿಗೆಗೆ ಹೋಗುತ್ತದೆ.

ಹಳದಿ ಮಾರ್ಗದ ಮೆಟ್ರೋ ಬಂತಲ್ಲ, ಅದರಲ್ಲೇ ಹೋಗಿ ಅಂತ ಮನೆಯಲ್ಲಿ ಹೇಳುತ್ತಾರೆ. ವಾರಕ್ಕೆ ಎರಡು ದಿನ ಹೋಗುತ್ತೇನೆ ಕೂಡ. ಆದರೆ ಈ ಗಾಡಿ ಮಾರಲು ಮನಸ್ಸು ಬರುತ್ತಿಲ್ಲ. ಭಾನುವಾರ ಬೆಳಗ್ಗೆ ಆರಕ್ಕೆ ಕನಕಪುರ ರಸ್ತೆ ಹಿಡಿದು ಹಾರೋಹಳ್ಳಿವರೆಗೆ ಹೋಗಿ, ತಟ್ಟೆ ಇಡ್ಲಿ ತಿಂದು ಬರುವುದು ನನ್ನ ವಾರದ ಒಂದೇ ಖುಷಿ. ಈಗ ಅದೂ ನೋವಾಗಿದೆ.

ಜೆಸಿ ರಸ್ತೆಯಲ್ಲಿ ಒಂದು ಅಂಗಡಿಯವರು 4 ಇಂಚು ಎತ್ತರದ ಹ್ಯಾಂಡಲ್ ತೋರಿಸಿದರು. ಇದನ್ನು ಹಾಕಿದರೆ ಕುರ್ಚಿಯಲ್ಲಿ ಕೂತ ಹಾಗೆ ಇರುತ್ತದೆ ಅಂದರು. ತೆಗೆದುಕೊಳ್ಳಲಾ? ಅಥವಾ ಈಗಿರುವುದರ ಕೆಳಗೆ ರೈಸರ್, ಅಂದರೆ ಹ್ಯಾಂಡಲ್ ಎತ್ತರಿಸುವ ತುಂಡು, ಇಟ್ಟರೆ ಸಾಕಾ? ಕೇಬಲ್, ಬ್ರೇಕ್ ಹೋಸ್ ಎಲ್ಲಾ ಬದಲಾಯಿಸಬೇಕಾಗುತ್ತದಾ? ಇದನ್ನು ನಿಜವಾಗಿ ಮಾಡಿಸಿದವರು ದಯವಿಟ್ಟು ಹೇಳಿ.

ಮಾಗಡಿ ರೋಡ್

ನಾನು 25 ಎಂಎಂ ರೈಸರ್ ಹಾಕಿಸಿ ಒಂದು ವರ್ಷ ಆಯಿತು. ಅರ್ಧ ಗಂಟೆ ಕೆಲಸ. ಕೇಬಲ್ ಯಾವುದೂ ಬದಲಾಯಿಸಲಿಲ್ಲ, ಹೋಸ್ ಸಾಲಿತು. ಬೆನ್ನು ನೋವು ಕಡಿಮೆಯಾಗಿದೆ. ಆದರೆ ನನ್ನ ಎತ್ತರ 5 ಅಡಿ 11 ಇಂಚು, ಕೈ ಉದ್ದ. ನಿಮಗೆ ಅದೇ ಸಾಕಾಗುತ್ತದಾ ಗೊತ್ತಾಗುತ್ತಿಲ್ಲ. 4 ಇಂಚು ಮಾತ್ರ ಬೇಡ ಗುರು, ಅದು ಜಾಸ್ತಿ ಆಯಿತು.

ಹಳೇ ಯೆಜ್ಡಿ

ಹ್ಯಾಂಡಲ್ ಕೊಳ್ಳುವ ಮೊದಲು ಒಂದು ಭಾನುವಾರ ಕೊಡಿ. ನಾನು ಇದೇ ದಾರಿಯಲ್ಲಿ ಎರಡು ಸಲ ದುಡ್ಡು ಕಳೆದುಕೊಂಡವನು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಲಿವರ್‌ಗಳು ಯಾವ ಕಡೆ ಮುಖ ಮಾಡಿವೆ ನೋಡಿ. ಗಾಡಿ ಮೇಲೆ ಕೂತು ಹಿಡಿಯ ಮೇಲೆ ಅಂಗೈ ಇಟ್ಟು ಬೆರಳು ನೀಡಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆಯಲ್ಲಿರಬೇಕು. ಲಿವರ್ ಸಿಗಲು ಬೆರಳು ಮೇಲಕ್ಕೆ ಎತ್ತಬೇಕಾದರೆ ಮಣಿಕಟ್ಟು ಹಿಂದಕ್ಕೆ ಮುರಿದ ಹಾಗೆ ಇರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನೂರು ಸಲ ಕ್ಲಚ್ ಹಿಡಿದರೆ ನೂರು ಸಲ ಮುರಿಯುತ್ತದೆ. ಲಿವರ್ ಕ್ಲಾಂಪ್ ಸಡಿಲಿಸಿ ಒಂದು ಬೆರಳಷ್ಟು ಕೆಳಕ್ಕೆ ತಿರುಗಿಸಿ. ಬ್ರೇಕ್ ಕಡೆಯ ಕ್ಲಾಂಪ್ ಮೇಲೆ ‘ಅಪ್’ ಅಂತ ಅಚ್ಚು ಇದ್ದರೆ ಅದು ಮೇಲೇ ಇರಬೇಕು. ಮೇಲಿನ ಬೋಲ್ಟ್ ಮೊದಲು ಬಿಗಿ ಮಾಡಿ, ಆಮೇಲೆ ಕೆಳಗಿನದು. ಬ್ರೇಕ್ ಆಯಿಲ್ ಡಬ್ಬಿ ಜಾಸ್ತಿ ವಾಲದ ಹಾಗೆ ನೋಡಿಕೊಳ್ಳಿ.

ಆಮೇಲೆ ಅಳತೆ. ಗಾಡಿಗೆ ಮೈನ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಯಾರಾದರೂ ಹಿಡಿದುಕೊಳ್ಳಲಿ. ದಿನಾ ಕೂರುವ ಜಾಗದಲ್ಲೇ ಕೂರಿ, ಕಾಲು ಫುಟ್‌ರೆಸ್ಟ್ ಮೇಲಿರಲಿ. ಒಂದು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ. ಹೆಗಲು ಇಳಿಬಿಡಿ, ಮೊಣಕೈ ಸ್ವಲ್ಪ ಮಡಚಿ. ಕೈ ತಾನಾಗಿ ಎಲ್ಲಿ ಹೋಗಿ ನಿಲ್ಲುತ್ತದೋ ಅಲ್ಲೇ ನಿಲ್ಲಿಸಿ. ಈಗಿನ ಹಿಡಿಯಿಂದ ಆ ಕೋಲು ಎಷ್ಟು ಮೇಲಿದೆ, ಎಷ್ಟು ಹಿಂದಿದೆ, ಎರಡನ್ನೂ ಬೇರೆ ಬೇರೆ ಟೇಪ್ ಹಿಡಿದು ಬರೆದುಕೊಳ್ಳಲಿ. ಮೂರು ಸಲ ಮಾಡಿ. ಮೂರೂ ಸಲ ಹೆಚ್ಚುಕಡಿಮೆ ಒಂದೇ ಲೆಕ್ಕ ಬರುವುದು ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ.

ನನಗೆ ಬಂದದ್ದು 30 ಎಂಎಂ ಮೇಲೆ, 50 ಎಂಎಂ ಹಿಂದೆ. ಅಲ್ಲಿಯವರೆಗೆ ನಾನು ಎತ್ತರ ಬೇಕು ಎತ್ತರ ಬೇಕು ಅಂತ ಅಂಗಡಿ ಅಂಗಡಿ ತಿರುಗಿದ್ದೆ. ನನಗೆ ಬೇಕಾಗಿದ್ದದ್ದು ಹತ್ತಿರ. ಹ್ಯಾಂಡಲ್ ತುದಿ ನಮ್ಮ ಕಡೆಗೆ ಎಷ್ಟು ಬಾಗಿದೆ ಅನ್ನುವುದನ್ನು ಪುಲ್‌ಬ್ಯಾಕ್ ಅನ್ನುತ್ತಾರೆ. ಅಂಗಡಿಯಲ್ಲಿ ಎತ್ತರ ಹೇಳುತ್ತಾರೆ, ಪುಲ್‌ಬ್ಯಾಕ್ ಕೇಳಿದರೆ ಮುಖ ನೋಡುತ್ತಾರೆ. ನೀವೇ ಟೇಪ್ ತೆಗೆದುಕೊಂಡು ಹೋಗಿ. ಅಪ್ಪನ ಯೆಜ್ಡಿ ನೆನಪಾಗುತ್ತದೆ. ಮೈಸೂರಿನಲ್ಲೇ ತಯಾರಾದ ಗಾಡಿ. ಅದರ ಹ್ಯಾಂಡಲ್ ತುದಿ ತಾನಾಗಿ ಕೈಗೆ ಬಂದು ಸೇರುತ್ತಿತ್ತು. ಅಪ್ಪ ಅದರಲ್ಲಿ ಮಡಿಕೇರಿಗೆ ಹೋಗಿ ಬಂದು ಸಂಜೆ ಅಂಗಡಿ ತೆರೆಯುತ್ತಿದ್ದರು.

ರೈಸರ್ ಲೆಕ್ಕವನ್ನೂ ಹೇಳುತ್ತೇನೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಹಿಂದಕ್ಕೆ ಓರೆಯಾಗಿ ನಿಂತಿದೆ, ಈ ಗಾಡಿಯಲ್ಲಿ 24 ಡಿಗ್ರಿ. ಅದೇ ಓರೆಯಲ್ಲಿ ರೈಸರ್ ಮೇಲೆ ಹೋದರೆ 25 ಎಂಎಂಗೆ ಸುಮಾರು 10 ಎಂಎಂ ಹಿಂದಕ್ಕೂ ಬರುತ್ತದೆ. ಮಾಗಡಿ ರೋಡ್ ಅವರಿಗೆ ಕೈ ಉದ್ದ ಇದ್ದದ್ದರಿಂದ ಅಷ್ಟು ಸಾಕಾಯಿತು. ನಿಮಗೆ 40-50 ಹಿಂದಕ್ಕೆ ಬೇಕಾದರೆ ರೈಸರ್ ಒಂದರಿಂದ ಆಗುವುದಿಲ್ಲ.

4 ಇಂಚಿನದು ಬೇಡ. ಪೂರ್ತಿ ನೆಟ್ಟಗೆ ಕೂತರೆ ಭಾರವೆಲ್ಲ ಬೆನ್ನುಮೂಳೆಯ ಬುಡಕ್ಕೆ ಬರುತ್ತದೆ. ನಮ್ಮ ಊರಿನ ಗುಂಡಿ, ಹಂಪುಗಳ ಏಟು ಅಲ್ಲಿಂದಲೇ ತಲೆಗೆ ಏರುತ್ತದೆ. ಹೊಸೂರು ರಸ್ತೆಯಲ್ಲಿ 80ರಲ್ಲಿ ಹೋದರೆ ಗಾಳಿ ಎದೆಗೆ ಹೊಡೆದು ಮತ್ತೆ ಹ್ಯಾಂಡಲ್ ಹಿಡಿದು ನೇತಾಡಬೇಕು. ನೋವು ಜಾಗ ಬದಲಾಯಿಸುತ್ತದೆ, ಅಷ್ಟೇ.

ಇನ್ನು ಹಾಕಿಸುವ ವಿಷಯ. ಇದನ್ನು ದಯವಿಟ್ಟು ಪೂರ್ತಿ ಓದಿ. ಸ್ವಿಚ್ ಕೂರುವ ಡಬ್ಬಿಯ ಒಳಗೆ ಒಂದು ಸಣ್ಣ ಮೂತಿ ಇರುತ್ತದೆ, ಜೋಳದ ಕಾಳಿನಷ್ಟು. ಅದು ಹ್ಯಾಂಡಲ್‌ನ ಒಂದು ತೂತಿನಲ್ಲಿ ಕೂರುತ್ತದೆ. ಡಬ್ಬಿ ತಿರುಗದ ಹಾಗೆ ಹಿಡಿಯುವುದೇ ಅದು. ಹೊರಗಿನ ಹ್ಯಾಂಡಲ್‌ಗಳಲ್ಲಿ ಹೆಚ್ಚಾಗಿ ಆ ತೂತು ಇರುವುದಿಲ್ಲ. ಅಳೆದು ಕೊರೆಯಬೇಕು.

ಹತ್ತು ವರ್ಷದ ಹಿಂದೆ ನನ್ನ ಹಳೇ ಗಾಡಿಗೆ ಹ್ಯಾಂಡಲ್ ಹಾಕಿಸಿದ್ದು ಆಯುಧ ಪೂಜೆಯ ಹಿಂದಿನ ದಿನ. ಗ್ಯಾರೇಜ್ ತುಂಬಾ ಗಾಡಿ. ಅಲ್ಲಿಯ ಹುಡುಗ ತೂತು ಕೊರೆಯುವ ಬದಲು ಆ ಮೂತಿಯನ್ನೇ ಅರದಿಂದ ಉಜ್ಜಿ ಹಾಕಿದ. ನನಗೆ ಹೇಳಲಿಲ್ಲ, ನಾನೂ ನೋಡಲಿಲ್ಲ. ಪೂಜೆ ಮುಗಿಸಿ ಚೆಂಡು ಹೂವಿನ ಹಾರ ಹಾಕಿಕೊಂಡು ಹೊರಟೆ. ಲಾಲ್‌ಬಾಗ್ ವೆಸ್ಟ್ ಗೇಟ್ ಸಿಗ್ನಲ್ ಬಿಟ್ಟಾಗ ಆಕ್ಸಿಲರೇಟರ್ ತಿರುಗಿಸಿದೆ. ಹಿಡಿಯ ಜೊತೆ ಇಡೀ ಡಬ್ಬಿಯೇ ತಿರುಗಿತು. ಕೇಬಲ್ ಎಳೆದುಕೊಂಡು ನಿಂತಿತು. ಕೈ ಬಿಟ್ಟರೂ ಎಂಜಿನ್ ಕೂಗುತ್ತಲೇ ಇದೆ. ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ ಹುಡುಕಿದರೆ ಅದು ಕೆಳಗೆ ತಿರುಗಿ ಹೋಗಿತ್ತು. ಕ್ಲಚ್ ಹಿಡಿದು ಕೀ ಆಫ್ ಮಾಡಿದೆ. ಮುಂದಿನ ಆಟೋಗೂ ನನಗೂ ಒಂದು ಗೇಣು ಜಾಗ ಉಳಿದಿತ್ತು. ಹಿಂದೆ ಮಗಳು ಕೂತಿದ್ದಳು. ಆವತ್ತಿನಿಂದ ಹ್ಯಾಂಡಲ್ ಕೆಲಸ ನಡೆಯುವಾಗ ನಾನು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತೇನೆ.

ಹಾಕಿದ ಮೇಲೆ ಅಲ್ಲೇ ನಿಂತು ನೋಡಬೇಕಾದದ್ದು: ಎಂಜಿನ್ ಐಡಲ್‌ನಲ್ಲಿ ಬಿಟ್ಟು ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಸದ್ದು ಒಂದಿಷ್ಟೂ ಏರಬಾರದು. ಏರಿದರೆ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಕ್ಲಚ್ ಲಿವರ್ ಬುಡದಲ್ಲಿ 2-3 ಎಂಎಂ ಸಡಿಲ ಎರಡೂ ಕಡೆ ತಿರುಗಿಸಿದಾಗಲೂ ಉಳಿಯಬೇಕು. ಮೈನ್ ಸ್ಟ್ಯಾಂಡ್ ಹಾಕಿ ಹಿಂದೆ ಇಬ್ಬರು ಒತ್ತಿ ಮುಂದಿನ ಚಕ್ರ ನೆಲ ಬಿಡುವ ಹಾಗೆ ಮಾಡಿ. ಫೋರ್ಕ್ ಪೂರ್ತಿ ಇಳಿದಾಗಲೂ ಬ್ರೇಕ್ ಹೋಸ್ ಬಿಗಿಯಬಾರದು. ಸ್ಟ್ಯಾಂಡ್ ಮೇಲೆ ಸಾಲುವ ಹೋಸ್ ಗುಂಡಿ ಹಾರಿದಾಗ ಸಾಲದೇ ಹೋಗಬಹುದು. ಹೋಸ್ ಬಿಚ್ಚುವ ಹಾಗಾದರೆ ತಾಮ್ರದ ವಾಷರ್ ಹೊಸದೇ ಹಾಕಿಸಿ, ಟ್ಯಾಂಕ್ ಮೇಲೆ ಒದ್ದೆ ಬಟ್ಟೆ ಮುಚ್ಚಿ. ಬ್ರೇಕ್ ಆಯಿಲ್ ಬಿದ್ದರೆ ಬಣ್ಣ ತಿನ್ನುತ್ತದೆ.

ಇನ್ನೊಂದು. ಪುಲ್‌ಬ್ಯಾಕ್ ಜಾಸ್ತಿ ಆದರೆ ಪೂರ್ತಿ ತಿರುಗಿಸಿದಾಗ ಹೆಬ್ಬೆರಳು ಟ್ಯಾಂಕ್‌ಗೂ ಸ್ವಿಚ್‌ಗೂ ಮಧ್ಯೆ ಸಿಗುತ್ತದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ತಿರುಗಿಸುವಾಗ ಗೊತ್ತಾಗುವುದಕ್ಕಿಂತ ಮೊದಲೇ ನೋಡಿಕೊಳ್ಳಿ.

ಜಯನಗರ ಫಿಸಿಯೋ

ನಾನು ಫಿಸಿಯೋಥೆರಪಿಸ್ಟ್, ಗಾಡಿ ವಿಷಯ ಗೊತ್ತಿಲ್ಲ. ಬೆರಳಿನ ವಿಷಯ ಹೇಳುತ್ತೇನೆ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಸಾಮಾನ್ಯವಾಗಿ ಅಲ್ನಾರ್ ನರ ಒತ್ತಿಕೊಳ್ಳುತ್ತಿದೆ. ಅದು ಮೊಣಕೈಯ ಒಳಬದಿಯ ಹಳ್ಳದಲ್ಲಿ ಹಾದು, ಅಂಗೈಯಲ್ಲಿ ಕಿರುಬೆರಳ ಕಡೆಯ ದಿಂಡಿನ ಕೆಳಗೆ ಹೋಗುತ್ತದೆ. ಮೈಭಾರ ಆ ದಿಂಡಿನ ಮೇಲೆ ಕೂತರೆ ಬೆರಳು ಜೋಮು ಹಿಡಿಯುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಆಗಿದ್ದರೆ ಅದು ಬೇರೆ ನರ.

ಒಂದು ಎಚ್ಚರಿಕೆ. ಮೊಣಕೈ ಜಾಸ್ತಿ ಮಡಚಿದರೂ ಇದೇ ನರ ಅಲ್ಲಿ ಎಳೆದುಕೊಳ್ಳುತ್ತದೆ. ಹಾಗಾಗಿ ಹ್ಯಾಂಡಲ್ ತೀರಾ ಹತ್ತಿರ, ತೀರಾ ಎತ್ತರ ತರಬೇಡಿ. ಸ್ವಲ್ಪ ಮಡಚಿದ ಮೊಣಕೈ ಸಾಕು. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದರೆ ಕೈ ಮೇಲಿನ ಭಾರವೂ ಇಳಿಯುತ್ತದೆ. ರಾತ್ರಿ ಮಲಗಿದಾಗಲೂ ಜೋಮು ಬರುತ್ತಿದ್ದರೆ, ಲೋಟ ಹಿಡಿದಾಗ ಕೈ ಸೋತರೆ, ಹ್ಯಾಂಡಲ್ ಬದಿಗಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.

ಮಾಗಡಿ ರೋಡ್

ಕಾನೂನಿನ ಮಾತು ಯಾರೂ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ನಾನು ರೈಸರ್ ಹಾಕಿಸುವ ಮೊದಲು ಇನ್ಶೂರೆನ್ಸ್‌ನವರಿಗೆ ಇಮೇಲ್ ಮಾಡಿ ಉತ್ತರ ಇಟ್ಟುಕೊಂಡೆ. ಹಳೇ ಹ್ಯಾಂಡಲ್ ಬಿಸಾಡಬೇಡಿ.

ಕತ್ರಿಗುಪ್ಪೆ 650

ಮೂರು ವಾರ ಆಯಿತು, ಆದದ್ದನ್ನು ಹೇಳುತ್ತೇನೆ.

ಲಿವರ್ ಇಳಿಸಿದ್ದರಿಂದಲೇ ಅರ್ಧ ಕೆಲಸ ಆಯಿತು. ನಂಬಲು ಆಗಲಿಲ್ಲ. ಮೊದಲು ಸಿಲ್ಕ್ ಬೋರ್ಡ್‌ನಲ್ಲಿ ಬರುತ್ತಿದ್ದ ಜೋಮು ಸಿಂಗಸಂದ್ರ ದಾಟಿದ ಮೇಲೆ ಬರತೊಡಗಿತು. ರಾತ್ರಿ ಏನೂ ಇಲ್ಲ.

ಕೋಲು ಹಿಡಿದು ಅಳತೆಯನ್ನೂ ಮಾಡಿದೆವು. ಹೆಂಡತಿ ಟೇಪ್ ಹಿಡಿದಳು, ಮಗ ಗಾಡಿ ಹಿಡಿದ. 20 ಮೇಲೆ, 45 ಹಿಂದೆ. ಮೂರು ಸಲವೂ 5 ಎಂಎಂ ಒಳಗೇ ಬಂತು. ಆ ಕಾಗದ ಜೇಬಿನಲ್ಲಿಟ್ಟುಕೊಂಡು ಜೆಸಿ ರಸ್ತೆಗೆ ಹೋದೆ. ಒಂಬತ್ತು ಹ್ಯಾಂಡಲ್ ನೆಲದ ಮೇಲೆ ಇಟ್ಟು ಅಳೆದೆ. ಅಂಗಡಿಯವರಿಗೆ ಮೊದಲು ಬೇಸರ ಆಯಿತು, ಆಮೇಲೆ ಅವರೇ ಒಳಗಿನಿಂದ ಇನ್ನೆರಡು ತಂದರು. ಕೊನೆಗೆ ಸಿಕ್ಕಿದ್ದು ಎತ್ತರದಲ್ಲಿ ಹಳೆಯದಕ್ಕಿಂತ ಸ್ವಲ್ಪವೇ ಜಾಸ್ತಿ, ತುದಿ ಮಾತ್ರ ಚೆನ್ನಾಗಿ ಹಿಂದಕ್ಕೆ ಬಾಗಿದ್ದು. ದಪ್ಪ ಹಳೆಯದರ ಹಾಗೇ 22 ಎಂಎಂ, ಕ್ಲಾಂಪ್‌ನಲ್ಲಿ ಸರಿಯಾಗಿ ಕೂತಿತು. ಮೊದಲು ತೋರಿಸಿದ 4 ಇಂಚಿನದನ್ನು ಮುಟ್ಟಲಿಲ್ಲ.

ಇನ್ಶೂರೆನ್ಸ್‌ನವರಿಗೆ ಇಮೇಲ್ ಮಾಡಿ ಅವರ ಉತ್ತರ ಬಂದ ಮೇಲೆಯೇ ಕೆಲಸಕ್ಕೆ ಕೊಟ್ಟೆ. ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದೆ. ಮೆಕ್ಯಾನಿಕ್ ಸ್ವಿಚ್ ಡಬ್ಬಿ ತೆರೆದಾಗ ಆ ಮೂತಿ ಕಂಡಿತು, ನಿಜಕ್ಕೂ ಜೋಳದ ಕಾಳೇ. ನಾನು ಹೇಳುವ ಮೊದಲೇ ಅವರು ಪೆನ್ಸಿಲ್‌ನಿಂದ ಹ್ಯಾಂಡಲ್ ಮೇಲೆ ಗುರುತು ಹಾಕಿ ತೂತು ಕೊರೆದರು. ಕೇಬಲ್, ಹೋಸ್ ಹಳೆಯವೇ ಸಾಲಿದವು. ಎಡಕ್ಕೆ ತಿರುಗಿಸಿದಾಗ ಐಡಲ್ ಸ್ವಲ್ಪ ಏರಿತು. ಕೇಬಲ್ ಫೋರ್ಕ್ ಹಿಂದಿನಿಂದ ಬೇರೆ ದಾರಿಯಲ್ಲಿ ಹಾಯಿಸಿದ ಮೇಲೆ ನಿಂತಿತು. ಹೆಬ್ಬೆರಳಿಗೂ ಟ್ಯಾಂಕ್‌ಗೂ ಒಂದು ಬೆರಳಿನ ಜಾಗ ಇದೆ.

ನಿನ್ನೆ ಹಾರೋಹಳ್ಳಿಗೆ ಹೋಗಿ ಬಂದೆ. ಹೋಗುವಾಗ ಬೆರಳಿನ ನೆನಪೇ ಬರಲಿಲ್ಲ. ತಟ್ಟೆ ಇಡ್ಲಿ ಮುರಿಯುವಾಗ ನೆನಪಾಯಿತು, ಕಿರುಬೆರಳು ಒತ್ತಿ ನೋಡಿದೆ, ಸರಿಯಾಗಿದೆ. ಹಳೇ ಯೆಜ್ಡಿ ಅವರಿಗೆ, ಫಿಸಿಯೋ ಅವರಿಗೆ ತುಂಬಾ ಥ್ಯಾಂಕ್ಸ್.

ಈಗ ಕನ್ನಡಿಯಲ್ಲಿ ಅರ್ಧ ನನ್ನ ಮೊಣಕೈಯೇ ಕಾಣುತ್ತಿದೆ. ಉದ್ದ ಕಡ್ಡಿಯ ಕನ್ನಡಿ ಈ ಗಾಡಿಗೆ ಯಾರಾದರೂ ಹಾಕಿದ್ದರೆ, 80ರಲ್ಲಿ ಅದುರುತ್ತದಾ ಹೇಳಿ.