ಪ್ರವರ್ತಕರು ತಮ್ಮದೇ ಕಂಪನಿಯ ಷೇರು ಕೊಂಡರೆ ನಾವೂ ಕೊಳ್ಳಬಹುದೇ?

ಪ್ರಶ್ನೆ (ಮಂಡ್ಯದ ಉಪನ್ಯಾಸಕರೊಬ್ಬರಿಂದ):

ನಾಲ್ಕು ವರ್ಷಗಳಿಂದ ಮ್ಯೂಚುವಲ್ ಫಂಡಿನಲ್ಲಿ ತಿಂಗಳ ಕಂತು ಕಟ್ಟುತ್ತಿರುವ ನಾನು ಈಗ ಸ್ವಲ್ಪ ಹಣವನ್ನು ನೇರವಾಗಿ ಷೇರುಗಳಲ್ಲಿ ತೊಡಗಿಸಬೇಕೆಂದಿದ್ದೇನೆ. ಪ್ರವರ್ತಕರೋ (ಕಂಪನಿಯನ್ನು ಕಟ್ಟಿದ, ಅದರ ಹಿಡಿತ ಹೊಂದಿದವರು) ನಿರ್ದೇಶಕರೋ ತಮ್ಮದೇ ಕಂಪನಿಯ ಷೇರು ಕೊಂಡರೆ ಅದಕ್ಕಿಂತ ಒಳ್ಳೆಯ ಸೂಚನೆ ಬೇರೊಂದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಆಲೆಮನೆಯ ಮಾಲೀಕ ತನ್ನ ಮನೆಗೆಂದು ಎತ್ತಿಟ್ಟ ಬೆಲ್ಲವನ್ನೇ ಕೇಳಿ ತರುವ ರೂಢಿ ನನ್ನ ತಂದೆಯವರಿಗಿದ್ದುದರಿಂದ ಈ ಮಾತು ನನಗೆ ಸರಿಯೆನಿಸಿತು. ಈ ದಾರಿಯಲ್ಲಿ ನಡೆದು ನೋಡಿದವರು ದಯವಿಟ್ಟು ಅನುಭವ ತಿಳಿಸಿ.

ಕುವೆಂಪುನಗರ, ಮೈಸೂರಿನಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು:

ಮೇಷ್ಟ್ರೇ, ಹೋಲಿಕೆ ಚೆನ್ನಾಗಿದೆ. ಆದರೆ ಮಾರಾಟವಾಗದೆ ಉಳಿದ ಬೆಲ್ಲವೂ ಮಾಲೀಕನ ಮನೆಗೇ ಹೋಗುತ್ತದೆ. ನಿವೃತ್ತನಾದಂದಿನಿಂದ, ಸಂಜೆ ಕುಕ್ಕರಹಳ್ಳಿ ಕೆರೆಯ ಸುತ್ತು ಮುಗಿಸಿ ಬಂದು, ಷೇರು ವಿನಿಮಯ ಕೇಂದ್ರಗಳ ಜಾಲತಾಣಗಳಲ್ಲಿ ಆ ದಿನ ಪ್ರಕಟವಾದ, ಪ್ರವರ್ತಕರು, ನಿರ್ದೇಶಕರಂಥ ಒಳಗಿನವರ ವಹಿವಾಟುಗಳನ್ನು ಉದ್ದನೆಯ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಎಷ್ಟು ಷೇರು ಬಂದವು ಎನ್ನುವ ಕಾಲಂಗಿಂತ ಮೊದಲು ಅವು ಹೇಗೆ ಬಂದವು ಎನ್ನುವ ಕಾಲಂ ಓದಬೇಕೆಂಬುದು ಆ ನೋಟ್‌ಬುಕ್ಕಿನಿಂದ ನಾನು ಕಲಿತದ್ದು. ಅಲ್ಲಿ ‘ಮಾರ್ಕೆಟ್ ಪರ್ಚೇಸ್’ ಎಂದಿದ್ದರೆ ಆ ವ್ಯಕ್ತಿ ನಮ್ಮಂತೆಯೇ ಅಂದಿನ ಬೆಲೆ ತೆತ್ತು ಕೊಂಡಿದ್ದಾರೆ. ‘ಇಸಾಪ್’ (ನೌಕರರಿಗೆ ಷೇರು ಕೊಡುವ ಯೋಜನೆ) ಎಂದಿದ್ದರೆ ಅದು ನೌಕರಿಯ ಜೊತೆಗೆ, ಸಾಮಾನ್ಯವಾಗಿ ಕಡಿಮೆ ದರದಲ್ಲಿ ಸಿಕ್ಕಿದ್ದು. ‘ಗಿಫ್ಟ್’ ಅಥವಾ ‘ಇಂಟರ್-ಸೆ ಟ್ರಾನ್ಸ್‌ಫರ್’ ಎಂದಿದ್ದರೆ ಒಂದೇ ಮನೆಯ ಒಂದು ಬೀರುವಿನಿಂದ ಇನ್ನೊಂದಕ್ಕೆ ಹೋದದ್ದು.

ಇದನ್ನು ಅರಿಯುವ ಮೊದಲು ನಾನು ಪೆಟ್ಟು ತಿಂದದ್ದು ವಾರಂಟ್ (ಮುಂದೆ ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕುಪತ್ರ) ವಿಷಯದಲ್ಲಿ. ಜವಳಿ ಕಂಪನಿಯೊಂದರ ಪ್ರವರ್ತಕರು ಮಾರುಕಟ್ಟೆ ದರಕ್ಕಿಂತ ಹೆಚ್ಚಿನ ಬೆಲೆಗೆ ವಾರಂಟ್ ಪಡೆಯುತ್ತಿದ್ದಾರೆಂದು ಓದಿ, ಅವರಿಗೇ ಇಷ್ಟು ಧೈರ್ಯವಿರುವಾಗ ನನಗೇನು ಎಂದುಕೊಂಡು 60,000 ರೂಪಾಯಿ ಹಾಕಿದೆ. ವಾರಂಟ್ ಪಡೆಯುವಾಗ ಕನಿಷ್ಠ ಶೇ 25ರಷ್ಟು ಕಟ್ಟಿದರೆ ಸಾಕು, ಉಳಿದದ್ದಕ್ಕೆ 18 ತಿಂಗಳ ಅವಕಾಶವಿದೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಬೆಲೆ ಬಿದ್ದಿತು, ಅವರು ಉಳಿದ ಹಣ ಕಟ್ಟದೆ ಕೈಬಿಟ್ಟರು, ಕಟ್ಟಿದ ಕಾಲು ಭಾಗ ಮುಟ್ಟುಗೋಲಾಯಿತು. ನಾನಾದರೋ ಪೂರ್ತಿ ಹಣ ಕೊಟ್ಟವನು.

ಇನ್ನೊಮ್ಮೆ ಖರೀದಿ ನಿಜವಾದದ್ದೇ ಆಗಿತ್ತು, ತಪ್ಪು ನನ್ನದು. ಪ್ರವರ್ತಕರು 168 ರೂಪಾಯಿಯ ಆಸುಪಾಸಿನಲ್ಲಿ ಕೊಂಡಿದ್ದನ್ನು, ಸುದ್ದಿ ಎಲ್ಲೆಡೆ ಹರಡಿದ ಮೇಲೆ ನಾನು 212ಕ್ಕೆ ಕೊಂಡೆ. ಅಂದಿನಿಂದ ವರದಿಯಲ್ಲಿರುವ ಒಟ್ಟು ಮೌಲ್ಯವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿ, ಬಂದ ಸರಾಸರಿ ಬೆಲೆಯನ್ನು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳುತ್ತೇನೆ. ಇಂದಿನ ಬೆಲೆ ಅದಕ್ಕಿಂತ ಬಹಳ ಮೇಲಿದ್ದರೆ ಪುಟ ತಿರುಗಿಸುತ್ತೇನೆ.

ನನ್ನ ಮಟ್ಟಿಗೆ, ಸಾವಿರಾರು ಕೋಟಿಯ ಒಡೆಯರು ಕೊಳ್ಳುವ ಒಂದೆರಡು ಕೋಟಿಗಿಂತ ಹಣಕಾಸು ಮುಖ್ಯಸ್ಥರೊಬ್ಬರು ಸಂಬಳದ ಉಳಿತಾಯದಿಂದ ಕೊಳ್ಳುವ ಇಪ್ಪತ್ತು ಲಕ್ಷ ಹೆಚ್ಚು ತೂಕದ್ದು. ಷೇರು ಇಳಿದು ಕುಳಿತಿರುವಾಗ ಇಬ್ಬರು ಮೂವರು ನಿರ್ದೇಶಕರು ಬೇರೆ ಬೇರೆಯಾಗಿ ಕೊಂಡರೆ ನಾನು ಆ ಕಂಪನಿಯ ವಾರ್ಷಿಕ ವರದಿಯನ್ನು ಇಳಿಸಿಕೊಳ್ಳುತ್ತೇನೆ. ಅಂದರೆ, ಓದಲು ಶುರು ಮಾಡುತ್ತೇನೆ. ಕೊಳ್ಳುವುದು ಬೇರೆ ಮಾತು.

ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರಿನಿಂದ ಕಂಪನಿ ಸೆಕ್ರೆಟರಿ ಕಚೇರಿಯಲ್ಲಿ ಕೆಲಸ ಮಾಡುವವರೊಬ್ಬರು:

ಮೇಲಿನ ಹಿರಿಯರ ಮಾತಿಗೆ ಒಳಗಿನಿಂದ ಕಂಡದ್ದನ್ನು ಸೇರಿಸುತ್ತೇನೆ. ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯ 2015ರ ನಿಯಮಗಳ ಪ್ರಕಾರ, ಪ್ರವರ್ತಕರು, ನಿರ್ದೇಶಕರು ಅಥವಾ ಕಂಪನಿ ಗುರುತಿಸಿದ ಉದ್ಯೋಗಿಗಳು ಒಂದು ತ್ರೈಮಾಸಿಕದಲ್ಲಿ ಮಾಡಿದ ವಹಿವಾಟು 10 ಲಕ್ಷ ರೂಪಾಯಿ ಮೀರಿದರೆ ಎರಡು ವಹಿವಾಟು ದಿನಗಳೊಳಗೆ ಕಂಪನಿಗೆ ತಿಳಿಸಬೇಕು, ಕಂಪನಿ ಮತ್ತೆರಡು ದಿನಗಳೊಳಗೆ ಷೇರು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಈಗ ಡಿಪಾಸಿಟರಿಗಳ (ಷೇರುಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಸಂಸ್ಥೆಗಳು) ಮೂಲಕ ಮಾಹಿತಿ ತಾನಾಗಿಯೇ ಹೋಗುವ ವ್ಯವಸ್ಥೆಯಿದೆ; ಅದಕ್ಕೆ ಸೇರಿದ ಕಂಪನಿಗಳಲ್ಲಿ ಹೀಗೆ ಬರೆದು ತಿಳಿಸುವುದು 2021ರಿಂದ ಕಡ್ಡಾಯವಾಗಿ ಉಳಿದಿಲ್ಲ. ಕೊಂಡವರು ಆರು ತಿಂಗಳು ಮಾರುವಂತಿಲ್ಲ. ಹೀಗಾಗಿ ಅವರು ಬೆಳಿಗ್ಗೆ ಕೊಂಡು ಸಂಜೆ ಮಾರುವ ಆಟಕ್ಕೆ ಇಳಿದವರಲ್ಲ ಎಂಬಷ್ಟು ಭರವಸೆಯನ್ನು ನೀವು ಇಟ್ಟುಕೊಳ್ಳಬಹುದು.

ಆದರೆ ಖರೀದಿಯ ದಿನಾಂಕಕ್ಕೆ ಅತಿಯಾದ ಅರ್ಥ ಹಚ್ಚಬೇಡಿ. ತ್ರೈಮಾಸಿಕ ಮುಗಿದ ಕ್ಷಣದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ವಹಿವಾಟಿನ ಕಿಟಕಿ (ಒಳಗಿನವರು ಷೇರು ಕೊಳ್ಳಲು, ಮಾರಲು ಇರುವ ಅವಕಾಶ) ಮುಚ್ಚಿರುತ್ತದೆ. ಅದು ತೆರೆದ ಬೆಳಿಗ್ಗೆ ನಮ್ಮ ಮೇಜಿನ ಮೇಲೆ ಪೂರ್ವಾನುಮತಿಯ ಅರ್ಜಿಗಳು ಒಟ್ಟಿಗೆ ಬಂದು ಬೀಳುತ್ತವೆ. ‘ಫಲಿತಾಂಶ ಬಂದ ಕೂಡಲೇ ಕೊಂಡಿದ್ದಾರೆ, ಏನೋ ಇದೆ’ ಎಂದು ಹೊರಗಿನವರು ಊಹಿಸುವಾಗ, ಒಳಗೆ ಇರುವುದು ಎಷ್ಟೋ ಸಲ ಬರೀ ಕ್ಯಾಲೆಂಡರ್. ಮಾರ್ಚಿ ಕೊನೆಯಲ್ಲಿ ಪ್ರವರ್ತಕರು ರಭಸದಿಂದ ಕೊಳ್ಳುವುದಕ್ಕೂ ಇಂಥದೇ ಕಾರಣವಿರಬಹುದು: ಶೇ 25 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರು ಓಪನ್ ಆಫರ್ (ಉಳಿದ ಷೇರುದಾರರಿಂದಲೂ ಷೇರು ಕೊಳ್ಳುವ ಬಹಿರಂಗ ಕೊಡುಗೆ) ಕೊಡದೆ ಒಂದು ಆರ್ಥಿಕ ವರ್ಷದಲ್ಲಿ ಶೇ 5ರವರೆಗೆ ಮಾತ್ರ ಪಾಲು ಹೆಚ್ಚಿಸಿಕೊಳ್ಳಬಹುದು, ಅದೂ ಒಟ್ಟು ಶೇ 75 ಮೀರದಂತೆ. ವರ್ಷ ಮುಗಿಯುವುದರೊಳಗೆ ಆ ಮಿತಿಯನ್ನು ಬಳಸಿಕೊಳ್ಳುವ ಆತುರ ಅದು.

ಇನ್ನೊಂದು ಮಾತು. ಪ್ರವರ್ತಕರ ಶೇಕಡಾವಾರು ಏರಿತೆಂದರೆ ಅವರು ಕೊಂಡರೆಂದೇ ಅರ್ಥವಲ್ಲ. ಕಂಪನಿ ಷೇರುಗಳನ್ನು ಮರುಖರೀದಿ ಮಾಡಿದಾಗ ಅವರು ತಮ್ಮದನ್ನು ಕೊಡದೆ ಸುಮ್ಮನಿದ್ದರೆ, ಒಂದು ರೂಪಾಯಿ ಖರ್ಚಿಲ್ಲದೆ ಪಾಲು ಹೆಚ್ಚುತ್ತದೆ.

ಶ್ರೀರಂಗಪಟ್ಟಣದಿಂದ ವ್ಯಾಪಾರಿಯೊಬ್ಬರು:

ಒತ್ತೆಯ ವಿಷಯವನ್ನು ಯಾರೂ ಹೇಳಲಿಲ್ಲ. ನಾನು ಕೊಂಡಿದ್ದ ಸಣ್ಣ ಕಂಪನಿಯ ಅಧ್ಯಕ್ಷರ ಮನೆಯವರು ವಾರ ವಾರ ಸ್ವಲ್ಪ ಸ್ವಲ್ಪ ಷೇರು ಕೊಳ್ಳುತ್ತಿದ್ದರು, ನಾನೂ ಅವರ ಹಿಂದೆಯೇ ಕೊಳ್ಳುತ್ತಿದ್ದೆ. ಅವರ ಹಳೆಯ ಷೇರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲಕ್ಕೆ ಒತ್ತೆಯಾಗಿದ್ದವು ಎಂಬುದು ಅದೇ ಜಾಲತಾಣದ ಇನ್ನೊಂದು ಪುಟದಲ್ಲಿತ್ತು. ನಾನು ತೆರೆದು ನೋಡಿರಲಿಲ್ಲ. ಬೆಲೆ ಇಳಿದರೆ ಸಾಲ ಕೊಟ್ಟವರು ಹೆಚ್ಚಿನ ಭದ್ರತೆ ಕೇಳುತ್ತಾರೆ, ಇಲ್ಲವೇ ಒತ್ತೆಯ ಷೇರುಗಳನ್ನು ಮಾರುತ್ತಾರೆ. ಹಾಗಾಗದಂತೆ ಬೆಲೆಗೆ ಆನಿಕೆ ಕೊಡಲೆಂದೇ ಆ ಸಣ್ಣ ಖರೀದಿಗಳು ನಡೆದವೆಂದು ಈಗ ನನಗನ್ನಿಸುತ್ತದೆ. ಕೊನೆಗೆ ಒತ್ತೆಯ ಷೇರುಗಳು ಮಾರುಕಟ್ಟೆಗೆ ಬಂದವು, ನನ್ನ ಹಣದಲ್ಲಿ ಮೂರನೇ ಒಂದು ಪಾಲು ಉಳಿಯಿತು. 2009ರ ಜನವರಿಯಲ್ಲಿ ಸತ್ಯಂ ಎಂಬ ಐಟಿ ಕಂಪನಿಯ ಲೆಕ್ಕಪತ್ರ ಹಗರಣ ಹೊರಬಿದ್ದ ಮೇಲೆ ಪ್ರವರ್ತಕರ ಒತ್ತೆಯ ವಿವರವನ್ನು ಸೆಬಿ ಕಡ್ಡಾಯವಾಗಿ ಬಹಿರಂಗಪಡಿಸುವಂತೆ ಮಾಡಿತು. ಮಾಹಿತಿ ಇದೆ, ನೋಡುವ ತಾಳ್ಮೆ ಬೇಕು.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ಸಹೋದ್ಯೋಗಿ ಹೇಳಿದ್ದ ಕಂಪನಿಯ ವಿವರಗಳನ್ನು ನಿನ್ನೆ ರಾತ್ರಿ ತೆಗೆದು ನೋಡಿದೆ. ಎರಡು ನಮೂದುಗಳಿದ್ದವು. ಅವರು ಕೊಂಡಾಡಿದ್ದ ದೊಡ್ಡ ಖರೀದಿಯ ಮುಂದೆ ‘ಇಂಟರ್-ಸೆ ಟ್ರಾನ್ಸ್‌ಫರ್’ ಎಂದಿತ್ತು, ತಂದೆಯ ಹೆಸರಿನಿಂದ ಮಗನ ಹೆಸರಿಗೆ. ಎರಡನೆಯದು ನಿರ್ದೇಶಕರೊಬ್ಬರು ಮಾರುಕಟ್ಟೆಯಲ್ಲಿ ಕೊಂಡ 14 ಲಕ್ಷದ್ದು. ಭಾಗಿಸಿ ನೋಡಿದರೆ ಅವರ ಸರಾಸರಿ ಬೆಲೆ ಇಂದಿನದಕ್ಕಿಂತ ನಾಲ್ಕು ರೂಪಾಯಿ ಹೆಚ್ಚೇ ಇದೆ, ಒತ್ತೆಯೂ ಇಲ್ಲ. ದಸರಾ ರಜೆಯಲ್ಲಿ ಓದಲೆಂದು ಮೂರು ವರ್ಷಗಳ ವಾರ್ಷಿಕ ವರದಿಗಳನ್ನು ಇಳಿಸಿಟ್ಟುಕೊಂಡಿದ್ದೇನೆ.