ಮಲೆನಾಡಿನಲ್ಲಿ ಮನೆಯಿಂದ ಕೆಲಸ: ಸೌರಫಲಕ ಹಾಕಿಸಿದರೆ ಕರೆಂಟ್ ಹೋಗುವ ಕಾಟ ತಪ್ಪುತ್ತದೆಯೇ?

ಪ್ರಶ್ನೆ (ಸಾಗರ ತಾಲ್ಲೂಕು)

ಬೆಂಗಳೂರಿನ ಒಂದು ಸಂಸ್ಥೆಯ ಲೆಕ್ಕಪತ್ರದ ಕೆಲಸವನ್ನು ಊರಿನಲ್ಲೇ ಕುಳಿತು ಮಾಡುತ್ತೇನೆ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೂ ಇಲ್ಲಿ ಕರೆಂಟಿನ ಭರವಸೆ ಇಲ್ಲ. ಜಿಎಸ್‌ಟಿ ವಿವರ ಸಲ್ಲಿಸುವ 20ನೇ ತಾರೀಖಿನ ಹಿಂದಿನ ದಿನ ಹಗಲಿಡೀ ಕರೆಂಟ್ ಇಲ್ಲದಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ಈ ಕೆಲಸ ಉಳಿದರೆ ನಾನು ಊರಿನಲ್ಲಿ ಉಳಿಯುತ್ತೇನೆ, ಅಷ್ಟೇ ಲೆಕ್ಕ.

ಸೌರಫಲಕ ಮಾರುವವರೊಬ್ಬರು ಮನೆಗೆ ಬಂದು, 3 ಕಿಲೋವಾಟ್ ಹಾಕಿಸಿ, ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ಬರುತ್ತದೆ, ಕರೆಂಟ್ ಹೋಗುವ ಚಿಂತೆಯೇ ಇರುವುದಿಲ್ಲ ಎಂದರು. ಗೃಹಜ್ಯೋತಿಯಿಂದ ಬಿಲ್ಲೇ ಸೊನ್ನೆ ಬರುವಾಗ ಇದೆಲ್ಲ ಏಕೆ ಎನ್ನುತ್ತಾರೆ ಅಪ್ಪಯ್ಯ. ಮನೆಯಲ್ಲಿ ಇನ್ವರ್ಟರ್, 150 ಎಎಚ್ ಬ್ಯಾಟರಿ ಇದೆ. ಇಡೀ ಮನೆ ಅದರ ಮೇಲೇ ನಡೆಯುವುದರಿಂದ ಬೇಗ ಖಾಲಿಯಾಗುತ್ತದೆ. ಶರಾವತಿ ವಿದ್ಯುತ್ತಿನ ಲಿಂಗನಮಕ್ಕಿ ಅಣೆಕಟ್ಟು ಇರುವ ತಾಲ್ಲೂಕಿಗೇ ಈ ಗತಿ ಏಕೆ ಎಂಬುದೂ ನನಗೆ ಅರ್ಥವಾಗಿಲ್ಲ.

ಉತ್ತರ 1 (ನಿವೃತ್ತ ಲೈನ್‌ಮನ್, ಶಿವಮೊಗ್ಗ)

ತಂಗಿ, ಹಣ ಕೊಡುವ ಮೊದಲು ಇದನ್ನು ಓದು. ಸಹಾಯಧನ ಸಿಗುವುದು ಗ್ರಿಡ್‌ಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ, ಜೋಡಿಸಿದ ಘಟಕಕ್ಕೆ. ಬ್ಯಾಟರಿ ಇಲ್ಲದ ಅಂಥ ಘಟಕ, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನೆತ್ತಿಯ ಮೇಲೆ ಸೂರ್ಯನಿದ್ದರೂ ಮನೆಗೆ ಒಂದು ವಾಟ್ ಬರುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಲೈನ್ ಸತ್ತಿದೆ ಎಂದು ನಂಬಿ ನಮ್ಮವರು ಕಂಬ ಹತ್ತಿರುತ್ತಾರೆ. ಆಗ ನಿಮ್ಮ ಮನೆಯ 230 ವೋಲ್ಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಹೊಕ್ಕರೆ ಆಚೆಯ ತುದಿಯಲ್ಲಿ 11,000 ವೋಲ್ಟ್ ಆಗಿರುತ್ತದೆ. ಮನೆಯನ್ನು ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಓಡಿಸುವವರೂ ಇದನ್ನು ದಯವಿಟ್ಟು ನೆನಪಿಡಿ. ಕಂಬದ ಮೇಲಿರುವವನಿಗೂ ಹೆಂಡತಿ ಮಕ್ಕಳಿದ್ದಾರೆ.

ಲಿಂಗನಮಕ್ಕಿಯ ಮಾತು: ಶರಾವತಿ ಕೇಂದ್ರದ ಸಾಮರ್ಥ್ಯ 1,035 ಮೆಗಾವಾಟ್. ಆ ವಿದ್ಯುತ್ತು ಎತ್ತರದ ಗೋಪುರಗಳ ಮೇಲೆ 220 ಕೆವಿ (2,20,000 ವೋಲ್ಟ್) ಮಾರ್ಗದಲ್ಲಿ ಹೊರಟುಬಿಡುತ್ತದೆ. ನಿಮ್ಮ ಊರಿಗೆ ಬರುವುದು ಕಾಡು, ತೋಟಗಳ ನಡುವೆ ಹಾಯುವ 11 ಕೆವಿ ತಂತಿ. ಒಂದು ಮರ ಮುರಿದು ಬಿದ್ದರೆ ಎಷ್ಟೋ ಮನೆಗಳು ಕತ್ತಲಾಗುತ್ತವೆ. ಆ ಮಳೆಯಲ್ಲಿ ತಂತಿ ಎಲ್ಲಿ ಹರಿದಿದೆ ಎಂದು ನಡೆದೇ ಹುಡುಕಬೇಕು.

ಉತ್ತರ 2 (ಚಳ್ಳಕೆರೆ)

ನಮ್ಮ ಚಾವಣಿಯ ಮೇಲೆ ಫಲಕ ಇದೆ, ತೃಪ್ತಿಯೂ ಇದೆ. ಒಂದು ಕಿಲೋವಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ. ಆದರೆ ನಮ್ಮದು ಬಯಲುಸೀಮೆಯ ಬಿಸಿಲು. ನಿಮಗೆ ವಿದ್ಯುತ್ತಿನ ಕೊರತೆಯಾಗುವುದೇ ಮೋಡ ಕವಿದ ದಿನಗಳಲ್ಲಿ, ಫಲಕ ಸೊರಗುವುದೂ ಆಗಲೇ. ಬಿಲ್ಲಿನ ವಿಷಯದಲ್ಲಿ ನಿಮ್ಮ ತಂದೆಯವರ ಮಾತು ಸರಿ.

ಉತ್ತರ 3 (ಶಿರಸಿ, ಮನೆಯಿಂದಲೇ ಕೆಲಸ)

ಅಕ್ಕ, ನೀವು ಕಾಯಬೇಕಾಗಿರುವುದು ಮನೆಯನ್ನಲ್ಲ, ಮೇಜನ್ನು. ಲ್ಯಾಪ್‌ಟಾಪ್ ಸುಮಾರು 60 ವಾಟ್, ಮೋಡೆಮ್ 12, ಎಲ್‌ಇಡಿ ಬಲ್ಬ್ 9. ಎಂಟು ಗಂಟೆಗೆ ಮುಕ್ಕಾಲು ಯೂನಿಟ್ ಕೂಡ ಆಗುವುದಿಲ್ಲ. ನಿಮ್ಮ 12 ವೋಲ್ಟ್, 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇರುತ್ತದೆ. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು. ಬ್ಯಾಟರಿ ತೀರ ಹಳತಾಗಿರದಿದ್ದರೆ ಆ ಅರ್ಧದಲ್ಲೇ ಒಂದು ದಿನದ ಕೆಲಸ ಮುಗಿಯುತ್ತದೆ. ಫ್ಯಾನು, ಟಿವಿ, ಉಳಿದ ಕೋಣೆಗಳನ್ನು ಇನ್ವರ್ಟರ್‌ನಿಂದ ಬಿಡಿಸಿ, ಕೆಲಸದ ಕೋಣೆಗೆ ಬೇರೆ ಲೈನ್ ಎಳೆಸಿ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ.

ಅಂತರ್ಜಾಲವನ್ನು ಮಾತ್ರ ಮೊಬೈಲಿಗೆ ನೆಚ್ಚಬೇಡಿ. ಕರೆಂಟ್ ಹೋಗಿ ಕೆಲವು ಗಂಟೆಗಳಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಫೈಬರ್ ಎಳೆಯಲ್ಲಿ ಹೋಗುವುದು ಬೆಳಕು. ನಡುದಾರಿಯಲ್ಲಿ ವಿದ್ಯುತ್ ಬೇಕಿಲ್ಲ, ಎರಡು ತುದಿಗಳಲ್ಲಿ ಇದ್ದರೆ ಸಾಕು. ಮರ ಬಿದ್ದು ಎಳೆಯೇ ತುಂಡಾದರೆ ಪೇಟೆಗೆ ಹೋಗದೆ ಬೇರೆ ದಾರಿಯಿಲ್ಲ.

ಕೇಳಿದವರು

ಎಲ್ಲರಿಗೂ ವಂದನೆ. ಫಲಕದವರಿಗೆ ಸದ್ಯಕ್ಕೆ ಬೇಡ ಎಂದು ಹೇಳುತ್ತೇನೆ. ಎರಡನೆಯ ದಿನವೂ ಕರೆಂಟ್ ಬಾರದಿದ್ದರೆ ಬ್ಯಾಟರಿ ತುಂಬಿಸಿಕೊಳ್ಳುವುದು ಹೇಗೆ?

ಉತ್ತರ 3

ನಾನು 500 ವಾಟ್‌ನ ಒಂದೇ ಫಲಕವನ್ನು ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಸೋಲಾರ್ ಚಾರ್ಜ್ ಕಂಟ್ರೋಲರ್ ಮೂಲಕ ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದೇನೆ. ಇದಕ್ಕೆ ಸಹಾಯಧನ ಇಲ್ಲ. ದಟ್ಟ ಮೋಡದಲ್ಲಿ ಕಾಲು ಭಾಗಕ್ಕಿಂತಲೂ ಕಡಿಮೆ ಬರುತ್ತದೆ, ಆದರೂ ಮೋಡೆಮ್ ಮತ್ತು ದೀಪ ನಿಲ್ಲುವುದಿಲ್ಲ. ಫಲಕದ ಮೇಲೆ ಅಡಕೆ ಮರದ ನೆರಳು ಬೀಳದ ಜಾಗ ನೋಡಿ ಹಾಕಿಸಿ.